ಸೀಟಿನಡಿ ಉಳಿದ ಪಾಸ್‌ಪೋರ್ಟ್

ಇಪ್ಪತ್ತೆರಡು ವರ್ಷ ಜೊಹಾನ್ಸ್‌ಬರ್ಗ್‌ಗೂ ಗಡಿಯ ಈಚೆಗಿರುವ ನಮ್ಮ ಗ್ವಾಂಡಾ ಸೀಮೆಯ ಹಳ್ಳಿಗಳಿಗೂ ನಡುವೆ ವ್ಯಾನು ಓಡಿಸಿದವನು ನಾನು. ನಮ್ಮಂಥವರಿಗೆ ಇಲ್ಲಿ ಮಲಯಿಚಾ ಅನ್ನುತ್ತಾರೆ. ಹಾಸಿಗೆ, ಅಡುಗೆ ಎಣ್ಣೆ, ಫ್ರಿಜ್ಜು, ಮದುವಣಗಿತ್ತಿಯ ಗೌನು, ಅಜ್ಜಿಯರು, ಅಜ್ಜಿಯರ ಕೋಳಿಗಳು, ಎಲ್ಲವನ್ನೂ ಹೊತ್ತಿದ್ದೇನೆ. ನ್ಯಾಥಿಯ ಬಾಯಿ ಜೋರು, ಆದರೆ ಕೊಟ್ಟ ಸಾಮಾನು ಕೊಟ್ಟ ಹಾಗೇ ಮುಟ್ಟಿಸುತ್ತಾನೆ ಅಂತ ನನಗೆ ಹೆಸರಿತ್ತು. ಬಾಯಿ ಇನ್ನೂ ಹಾಗೇ ಇದೆ.

ಹೊತ್ತಿದ್ದರಲ್ಲಿ ಪಾಸ್‌ಪೋರ್ಟುಗಳೂ ಇದ್ದವು. ನಮ್ಮವರು ಆ ದೇಶಕ್ಕೆ ಹೋದರೆ ಭೇಟಿಗೆಂದು ಕೊಡುವುದು ಮೂವತ್ತು ದಿನ. ಅದು ತೀರುವ ಮೊದಲು ಗಡಿ ದಾಟಿ ಈಚೆ ಬಂದು, ಮತ್ತೆ ಆಚೆ ಹೋಗಿ ಹೊಸ ಮೊಹರು ಹಾಕಿಸಿಕೊಳ್ಳಬೇಕು. ತಿಂಗಳು ತಿಂಗಳು ಕೆಲಸ ಬಿಟ್ಟು ಯಾರು ಬರುತ್ತಾರೆ? ಹಾಗಾಗಿ ಮನುಷ್ಯ ಅಲ್ಲೇ ಇರುತ್ತಿದ್ದ, ಪಾಸ್‌ಪೋರ್ಟ್ ಮಾತ್ರ ನನ್ನ ವ್ಯಾನಿನಲ್ಲಿ ಹೋಗಿ ಬರುತ್ತಿತ್ತು. ಮೊಹರು ಹೇಗೆ ಬೀಳುತ್ತಿತ್ತು ಅಂತ ಕೇಳಬೇಡಿ. ಬೀಳುತ್ತಿತ್ತು. ತಪ್ಪು ಅಂತ ಎಲ್ಲರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಆದರೆ ದಿನ ಮೀರಿ ಕೂತವನ ಪಾಡು ಇನ್ನೂ ಕೆಟ್ಟದ್ದು. ಅವನು ಒಮ್ಮೆ ಹೊರಗೆ ಬಂದನೋ, ಐದು ವರ್ಷ ಮತ್ತೆ ಆ ಕಡೆ ಕಾಲಿಡುವ ಹಾಗಿಲ್ಲ.

ನಮ್ಮ ಊರಿನಲ್ಲಿ ಮಾಗುಂಬೊ ಅಂತ ಒಬ್ಬ ಹೆಂಗಸು; ಅವರ ಒಬ್ಬನೇ ಮಗ ವುಸುಮುಜಿ ಅಲ್ಲಿ ಬ್ರೆಡ್ಡಿನ ಬೇಕರಿಯಲ್ಲಿ ಕೆಲಸಕ್ಕಿದ್ದ. ಎಲ್ಲರೂ ವುಸಿ ಅನ್ನುತ್ತಿದ್ದೆವು. ಅವನ ಪಾಸ್‌ಪೋರ್ಟೂ ನನ್ನ ಕೈಯಲ್ಲೇ ಹೋಗಿ ಬರುತ್ತಿತ್ತು. ಒಂದು ಸಲ, ಮಾರ್ಚಿನಲ್ಲಿ, ಅದನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಸೀಟಿನಡಿ ಇಟ್ಟೆ. ಊರಿಗೆ ಬಂದರೆ ನನ್ನ ತಂಗಿಯ ಮಗಳ ಮದುವೆ. ಮೂರು ದಿನ ಕುಡಿದು ಬಿದ್ದುಕೊಂಡೆ. ಆಮೇಲೆ ಗೇರ್‌ಬಾಕ್ಸ್ ಕೈಕೊಟ್ಟು ವ್ಯಾನು ಗ್ಯಾರೇಜಿನಲ್ಲಿ ಎರಡು ತಿಂಗಳು ನಿಂತಿತು. ಪಾಸ್‌ಪೋರ್ಟೂ ಅದರೊಳಗೇ ಇತ್ತು. ನನಗೆ ನೆನಪೇ ಇಲ್ಲ! ನಡುವೆ ವುಸಿ ಫೋನು ಮಾಡಿ, "ನ್ಯಾಥಿ, ಮೊಹರು ಬಿತ್ತಾ?" ಅಂತ ಕೇಳಿದ್ದ. "ಬಿತ್ತು ಮಾರಾಯ, ಆರಾಮಾಗಿರು," ಅಂದುಬಿಟ್ಟಿದ್ದೆ.

ಜೂನಿನಲ್ಲಿ ಅವನ ಅಪ್ಪ ತೀರಿಕೊಂಡರು. ಊರಿಗೆ ಹೊರಡಬೇಕು, ಪಾಸ್‌ಪೋರ್ಟ್ ಕೊಡಿ ಅಂತ ವುಸಿ ಕೇಳಿದಾಗ ನಾನು ನಿಜ ಹೇಳಲೇಬೇಕಾಯಿತು. ಬಂದರೆ ಕೆಲಸ ಹೋಯಿತು, ಮನೆಗೆ ಹಿಟ್ಟು ಕಳಿಸುವವನು ಅವನೊಬ್ಬನೇ. ಕೊನೆಗೆ ಅಂದ, "ಆಯ್ತು ಬಿಡಿ. ಅಮ್ಮನಿಗೆ ರಜೆ ಸಿಗಲಿಲ್ಲ ಅಂತೀನಿ. ನಿಮ್ಮ ಹೆಸರು ಹೇಳಿದ್ರೆ ಊರಲ್ಲಿ ಯಾರೂ ನಿಮ್ಮ ಗಾಡಿ ಹತ್ತಲ್ಲ."

ಬೇಡ ಕಣೋ, ನಾನೇ ಹೇಳ್ತೀನಿ ಅನ್ನಬೇಕಿತ್ತು. "ನೀನು ಒಳ್ಳೆಯವನು ಕಣೋ," ಅಂದೆ. ಥೂ, ನನ್ನ ಜನ್ಮಕ್ಕೆ!

ಅವನ ಅಪ್ಪನ ಮಣ್ಣಿಗೆ ನಾನೂ ಹೋಗಿದ್ದೆ. ಗುಂಡಿ ಮುಚ್ಚುವ ಹೊತ್ತಿಗೆ ಮಾಗುಂಬೊ ಎಲ್ಲರ ಮುಂದೆ ಎದ್ದು ನಿಂತರು. "ಹೆತ್ತ ಅಪ್ಪನಿಗೆ ಒಂದು ಹಿಡಿ ಮಣ್ಣು ಹಾಕೋಕೆ ರಜೆ ಸಿಗಲಿಲ್ಲ ಅಂದವನು ನನ್ನ ಮಗ ಅಲ್ಲ!" ಅಂದರು. ನಾನು ಸಲಿಕೆ ಹಿಡಿದು ಅಲ್ಲೇ ನಿಂತಿದ್ದೆ. ಇನ್ನಷ್ಟು ಮಣ್ಣು ಎಳೆದು ಹಾಕಿದೆ.

ಅದಾಗಿ ಎರಡು ವರ್ಷಕ್ಕೆ ವುಸಿ ಬೇಕರಿಯ ಗೇಟಿನ ಮುಂದೆ ಕಾರು ಬಡಿದು ಸತ್ತ. ಹೆಣ ಊರಿಗೆ ಬಂತು, ಅಪ್ಪನ ಪಕ್ಕದಲ್ಲೇ ಮಣ್ಣಾಯಿತು. ಆದರೆ ನಮ್ಮಲ್ಲಿ ಹೆಣ ಬಂದ ಮಾತ್ರಕ್ಕೆ ಮನುಷ್ಯ ಬಂದ ಹಾಗಲ್ಲ. ಬಿದ್ದ ಜಾಗಕ್ಕೆ ಮನೆಯವರು ಹೋಗಿ, ಮುಳ್ಳುಬೋರೆಯ ಕೊಂಬೆಯಲ್ಲಿ ಅವನನ್ನು ಕರೆದು ತರಬೇಕು. ಕೊಂಬೆ ಹಿಡಿದವರು ದಾರಿಯುದ್ದಕ್ಕೂ ಅವನ ಹತ್ತಿರ ಮಾತ್ರ ಮಾತಾಡಬೇಕು, ಬೇರೆ ಯಾರಿಗೂ ಒಂದು ಮಾತು ಆಡುವಂತಿಲ್ಲ. ಆಡಿದರೆ ಅವನು ದಾರಿ ತಪ್ಪುತ್ತಾನೆ, ಮನೆ ಮುಟ್ಟುವುದಿಲ್ಲ. ಮಾಗುಂಬೊ ಅರವತ್ತೆಂಟನೆಯ ವಯಸ್ಸಿನಲ್ಲಿ ಮೊದಲ ಸಲ ಪಾಸ್‌ಪೋರ್ಟ್ ಮಾಡಿಸಿಕೊಂಡರು. ಹೋಗಲು ಒಂದು ಸೀಟು ಹಿಡಿದರು, ಬರಲು ಎರಡು. ಬೇರೆ ವ್ಯಾನು ಎಷ್ಟಿರಲಿಲ್ಲ! ನನ್ನದೇ ಬೇಕಂತೆ. "ನ್ಯಾಥಿ ನನ್ನ ಮಗನಿಗೆ ಬೇಕಾದವನು," ಅಂದರಂತೆ.

ಬೇಕರಿಯ ಗೇಟಿನಿಂದ ಹೊರಟಾಗ ಬೆಳಿಗ್ಗೆ. ಕೊಂಬೆಗೆ ಬಿಳಿ ಬಟ್ಟೆ ಸುತ್ತಿ ಕಿಟಕಿ ಪಕ್ಕದ ಸೀಟಿನಲ್ಲಿ ಕೂರಿಸಿ, ಮಾಗುಂಬೊ ಅದರ ಪಕ್ಕ ಕೂತರು. ಅವತ್ತು ಬೇರೆ ಯಾರನ್ನೂ ನಾನು ಹತ್ತಿಸಿಕೊಳ್ಳಲಿಲ್ಲ.

"ಮಗನೇ, ಈಗ ದೊಡ್ಡ ರಸ್ತೆಗೆ ತಿರುಗ್ತಿದೀವಿ. ಮಗನೇ, ಬೆಟ್ಟ ಬಂತು ನೋಡು. ಅಲ್ಲ ಕಣೋ, ಒಂದೇ ಒಂದು ದಿನ ರಜೆ ಕೇಳೋಕೆ ಆಗಲಿಲ್ವಾ? ನಿನ್ನಪ್ಪ ಕೊನೇ ದಿನ ಬಾಗಿಲ ಕಡೆಗೇ ನೋಡ್ತಿದ್ರು. ಬೈಯ್ತಿದೀನಿ ಅಂತ ಇಳಿದುಬಿಡಬೇಡ. ಕೂತ್ಕೊ."

ಆರು ಗಂಟೆ ಇದನ್ನು ಕೇಳಿಸಿಕೊಂಡೆ. ರೇಡಿಯೋ ಹಾಕುವ ಹಾಗೂ ಇಲ್ಲ.

ಗಡಿಯ ನದಿ ದಾಟಿ, ಕೊಂಬೆ ಎತ್ತಿಕೊಂಡು ನಮ್ಮ ಕಡೆಯ ತಪಾಸಣೆ ಕಿಟಕಿಗೆ ಬಂದೆವು. ಒಳಗಿದ್ದ ಅಧಿಕಾರಿ ಚಿಕ್ಕ ವಯಸ್ಸಿನವನು, ಮುಖ ನೋಡಿದರೆ ನಮ್ಮ ಕಡೆಯವನೇ. "ಎಲ್ಲಿಂದ ಬಂದ್ರಿ ಅಜ್ಜಿ?" ಅಂದ. ಮಾಗುಂಬೊ ಮಾತಾಡಲಿಲ್ಲ. "ಎಷ್ಟು ದಿನ ಇದ್ರಿ?" ಅದಕ್ಕೂ ಇಲ್ಲ. ಹಿಂದಿನ ಸಾಲಿನಿಂದ ಒಬ್ಬಳು, "ಬಾಯಲ್ಲಿ ಏನಾದ್ರೂ ಸಾಗಿಸ್ತಿದಾಳೇನೋ, ತೆರೆಸಿ ನೋಡಪ್ಪಾ!" ಅಂತ ಕೂಗಿದಳು. ಸಾಲು ನಕ್ಕಿತು.

"ಗಿಡಗಂಟಿ ಕಾಗದ ಇಲ್ಲದೆ ಒಳಗೆ ಬಿಡೋ ಹಾಗಿಲ್ಲ," ಅಂದ ಅವನು, ಬಟ್ಟೆಯಿಂದ ಹೊರಬಂದ ಮುಳ್ಳು ನೋಡಿ.

"ಗಿಡ ಅಲ್ಲ ಸಾರ್," ಅಂದೆ. "ಪ್ರಯಾಣಿಕ."

ಸಾಲಿನ ನಗು ನಿಂತಿತು. ಆ ಹುಡುಗ ಕೊಂಬೆಯನ್ನೇ ನೋಡಿದ. ಅವನಿಗೆ ಅರ್ಥವಾಗಿತ್ತು. ಆದರೂ ಅಭ್ಯಾಸಬಲದಿಂದ ಬಾಯಿಂದ ಬಂತು, "ಪಾಸ್‌ಪೋರ್ಟ್?"

ನಾನು ಏನಾದರೂ ಹೇಳುವ ಮೊದಲೇ ಮಾಗುಂಬೊ ಎದೆಯ ಒಳಗಿಂದ ಒಂದು ಪಾಸ್‌ಪೋರ್ಟ್ ತೆಗೆದು ಕಿಟಕಿಯಲ್ಲಿಟ್ಟರು. ವುಸಿಯದು, ಜೂನಿನ ಆ ಫೋನಾದ ಮೇಲೆ ನಾನೇ ಅವನಿಗೆ ಮುಟ್ಟಿಸಿದ್ದು. ಬೇಕರಿಯವರು ಅವನ ಬಟ್ಟೆಬರೆಯ ಜೊತೆ ಕೊಟ್ಟಿದ್ದರಂತೆ.

ಅಧಿಕಾರಿ ಹಾಳೆ ತಿರುವಿದ. "ಇವರಿಗೆ ಆ ಕಡೆ ಇರೋಕೆ ಕೊಟ್ಟ ದಿನ ಎರಡು ವರ್ಷದ ಹಿಂದೆ ಮಾರ್ಚಿಗೇ ಮುಗಿದಿತ್ತಲ್ಲ," ಅಂತ ತನ್ನಷ್ಟಕ್ಕೆ ಓದಿದ. "ಆಮೇಲೆ ಮೊಹರೇ ಇಲ್ಲ. ಪಾಪ, ಹೊರಗೆ ಬಂದಿದ್ರೆ ಮತ್ತೆ ಹೋಗೋ ಹಾಗೇ ಇರಲಿಲ್ಲ." ಆಮೇಲೆ ಟೋಪಿ ತೆಗೆದು, ಎರಡೂ ಕೈಯಲ್ಲಿ ಪಾಸ್‌ಪೋರ್ಟ್ ಹಿಂದಕ್ಕೆ ಕೊಟ್ಟ. "ಕರ್ಕೊಂಡು ಹೋಗಿ ಅಜ್ಜಿ."

ವ್ಯಾನು ಹೊರಟಿತು. ಮಾಗುಂಬೊ ಆ ಪಾಸ್‌ಪೋರ್ಟಿನ ಹಾಳೆಗಳನ್ನು ಮತ್ತೆ ಮತ್ತೆ ತಿರುವಿದರು. ಆಮೇಲೆ ಮೆಲ್ಲಗೆ, "ಮಗನೇ, ರಜೆ ಸಿಗಲಿಲ್ಲ ಅಂದಿದ್ದೆ. ಮೊಹರಿನ ವಿಷಯ ಯಾಕೆ ಹೇಳಲಿಲ್ಲ? ಯಾಕೆ ಹಾಕಿಸಿರಲಿಲ್ಲ?" ಅಂದರು.

ವ್ಯಾನನ್ನು ರಸ್ತೆ ಬದಿಗೆ ನಿಲ್ಲಿಸಿದೆ. ಆಕೆಯ ಮುಖ ನೋಡುವ ಧೈರ್ಯ ನನಗಿರಲಿಲ್ಲ. ಕೊಂಬೆಗೇ ಹೇಳಿದೆ.

"ವುಸಿ, ಅಮ್ಮನಿಗೆ ಹೇಳು. ಪಾಸ್‌ಪೋರ್ಟ್ ನನ್ನ ಸೀಟಿನಡಿ ಇತ್ತು. ನಾನು ಕುಡಿದು ಮರೆತೆ. ಮೊಹರು ಬಿತ್ತು ಅಂತ ನಿನಗೆ ಸುಳ್ಳು ಹೇಳಿದೆ. ನೀನು ನನ್ನ ಮಾನ ಉಳಿಸಿದೆ, ನಿನ್ನ ಮಾನ ಹೋಗೋದನ್ನ ನಾನು ನಿಂತು ನೋಡಿದೆ."

ಕಾಯುತ್ತಾ ಕೂತೆ. ಬೈದಿದ್ದರೆ, ಹೊಡೆದಿದ್ದರೆ ಎಷ್ಟೋ ಚೆನ್ನಾಗಿರುತ್ತಿತ್ತು. ನನಗೆ ಒಂದು ಮಾತು ಆಡಿದರೂ ಆಕೆ ಮಗನನ್ನು ಕಳೆದುಕೊಳ್ಳುತ್ತಿದ್ದರು. ಕೊನೆಗೆ ಕೊಂಬೆಯ ಬಟ್ಟೆ ಸರಿಮಾಡಿ, "ಇಷ್ಟು ದೂರ ನಿನ್ನನ್ನೇ ಬೈದೆನಲ್ಲೋ ನನ್ನಪ್ಪಾ," ಅಂದರು. ಮತ್ತೆ, "ಮಗನೇ, ಗಾಡಿ ನಿಂತಿದೆ. ಈಗ ಹೊರಡತ್ತೆ." ನಾನು ಗೇರು ಹಾಕಿದೆ.

ಸಂಜೆ ಬಿಸಿಲಿರುವಾಗಲೇ ಊರು ಮುಟ್ಟಿದೆವು. ಅಂಗಳದ ತುಂಬ ನೆಂಟರು. ಮಾಗುಂಬೊ ಯಾರನ್ನೂ ನೋಡದೆ ನೇರ ಸಮಾಧಿಗೆ ಹೋಗಿ, "ಬಂದ್ವಿ ಮಗನೇ, ಅಪ್ಪನ ಪಕ್ಕ ಮಲಗು," ಅಂತ ಕೊಂಬೆ ಮಲಗಿಸಿದರು. ಕೈ ತೊಳೆದುಕೊಂಡರು. ಇನ್ನು ಆಕೆ ಯಾರ ಹತ್ತಿರ ಬೇಕಾದರೂ ಮಾತಾಡಬಹುದಿತ್ತು. ನಾನು ವ್ಯಾನಿನ ಕಡೆಗೆ ಜಾರಿಕೊಳ್ಳುತ್ತಿದ್ದೆ.

"ನ್ಯಾಥಿ."

"ಹೇಳಿ, ಮಾಗುಂಬೊ."

"ಅವತ್ತು ಇವರೆಲ್ಲರ ಮುಂದೆ ಅವನು ನನ್ನ ಮಗ ಅಲ್ಲ ಅಂದೆ. ನೀನು ಸಲಿಕೆ ಹಿಡ್ಕೊಂಡು ಎಲ್ಲಿ ನಿಂತಿದ್ದೆ?"

ಬೆರಳು ಮಾಡಿ ತೋರಿಸಿದೆ.

"ಅಲ್ಲೇ ಹೋಗಿ ನಿಂತ್ಕೊ. ಗಾಡೀಲಿ ಹೇಳಿದ್ದನ್ನ ಇವರಿಗೂ ಹೇಳು."

ಹೋಗಿ ನಿಂತೆ. ಟೋಪಿ ತೆಗೆದೆ. ನನ್ನ ವ್ಯಾನು ಹತ್ತಿ ಇಳಿದ ಮುಖಗಳೇ ಎಲ್ಲ. ಪಾಸ್‌ಪೋರ್ಟ್ ನನ್ನ ಸೀಟಿನಡಿ ಇತ್ತು ಅಂತ ಶುರುಮಾಡಿದೆ. ಬಾಯಿ ಜೋರಿನ ನ್ಯಾಥಿ ಹೇಳಿದ್ದು ಹಿಂದೆ ಕೂತವರಿಗೆ ಕೇಳಿಸಲೇ ಇಲ್ಲ.

"ಗಟ್ಟಿಯಾಗಿ ಹೇಳು," ಅಂದರು ಮಾಗುಂಬೊ, "ಮಲಗಿರೋರಿಬ್ರಿಗೂ ಕೇಳಿಸ್ಬೇಕು."