ಗ್ರೀಸಿನ ದೇವರಿಗೆ ಬಂದ ತೆಂಗಿನಕಾಯಿ

ಆಗ ನನಗೆ ಎಪ್ಪತ್ತೆರಡು. ಇದು ನಡೆದು ಮೂರು ವರ್ಷವಾಯಿತು. ನಾಗಪುರದ ಬೇಸಗೆ. ಮಗ ಹಿಂಗಣಾದ ಕಾರ್ಖಾನೆಗೆ, ಸೊಸೆ ಬ್ಯಾಂಕಿಗೆ ಹೋಗಿದ್ದರು. ಮನೆಯಲ್ಲಿ ನಾನು ಮತ್ತು ಕಾಲೇಜು ಓದುವ ಮೊಮ್ಮಗಳು.

ಅವಳಿಗೆ ಬರೆಯುವ ಹುಚ್ಚು. ಗ್ರೀಸ್ ದೇಶದ ಹಳೆಯ ದೇವರ ಕಥೆಯೊಂದನ್ನು ಹಿಂದಿಯಲ್ಲಿ ಹೊಸದಾಗಿ ಬರೆದಿದ್ದಳು. ಊಟಕ್ಕೆ ಕೂತಾಗ ನನಗೂ ಹೇಳಿದಳು. ಪಾತಾಳದ ದೇವರೊಬ್ಬ ಹೂ ಕೀಳುತ್ತಿದ್ದ ಹುಡುಗಿಯನ್ನು ಎತ್ತಿಕೊಂಡು ಹೋದ. ಅಲ್ಲಿ ಅವಳು ನಾಲ್ಕು ದಾಳಿಂಬೆ ಕಾಳು ತಿಂದಳು. ಅಷ್ಟಕ್ಕೇ ಪ್ರತಿ ವರ್ಷ ಅವನ ಬಳಿಗೆ ಹೋಗಬೇಕಾಯಿತು.

‘ಎಲ್ಲಾರೂ ಆಕಿ ಅವ್ವನ ದುಃಖಾನ ಹೇಳ್ತಾರ. ನಾ ದೇವರ ಬಾಯಿಲೇ ಹೇಳಸೀನಿ. ನಾನು, ನಾನು ಅಂತ.’

‘ದೇವರ ಹೆಸರಿಲೆ ನಾನು ಅನಬ್ಯಾಡ.’

‘ಅಜ್ಜಿ, ಅವ ಗ್ರೀಸಿನವ. ಅವಗ ನಾಗಪುರದ ದಾರಿ ಗೊತ್ತಿಲ್ಲ.’

‘ದೇವರಿಗೇನ ಟಿಕೀಟ ಬೇಕೇನ?’

ನಗುತ್ತ ಎದ್ದು ಹೋದಳು. ನನಗೆ ನಗು ಬರಲಿಲ್ಲ.

ನನ್ನ ಅಕ್ಕ ಹನ್ನೊಂದು ವರ್ಷದವಳಿದ್ದಾಗ ಆಟದಲ್ಲಿ ಕೂದಲು ಬಿಚ್ಚಿ, ‘ನಾನು ದೇವಿ, ಬಂದೀನಿ’ ಎಂದಿದ್ದಳು. ಓಣಿಯ ಹೆಂಗಸೊಬ್ಬಳು ಅಡ್ಡಬಿದ್ದಳು. ಮರುದಿನ ಕಾಯಿ, ಹೂ ಬಂದವು. ಆಟ ಆಡಿದೆ ಎಂದು ಅಕ್ಕ ಅತ್ತರೂ ಯಾರೂ ಕೇಳಲಿಲ್ಲ. ಮಂಗಳವಾರಕ್ಕೊಮ್ಮೆ ಮಣೆಯ ಮೇಲೆ ಕೂರಿಸಿದರು. ಮದುವೆ ಮಾಡಲಿಲ್ಲ. ಸಾಯುವತನಕ ಅವಳು ಆ ಮಣೆ ಇಳಿಯಲಿಲ್ಲ.

ಸ್ವಲ್ಪ ಹೊತ್ತಿಗೆ ಕೂಲರಿನ ಸದ್ದಿನ ನಡುವೆ ಗಡಸು ದನಿ ಕೇಳಿತು. ಹೋಗಿ ಇಣುಕಿದೆ. ತಲೆ ಎರೆದುಕೊಂಡಿದ್ದವಳು ಕೂದಲು ಹರಡಿ, ಕಣ್ಣು ಮುಚ್ಚಿ ತೂಗುತ್ತ ನಿಂತಿದ್ದಳು. ಕೈಯಲ್ಲಿ ಕಾಗದವಿಲ್ಲ.

‘ಮೈ ಪಾತಾಲ್ ಕಾ ರಾಜಾ ಹೂಂ. ಲಡಕೀ ಮೇರೀ ಹೈ.’

ಹುಡುಗಿ ನನ್ನವಳು ಎನ್ನುತ್ತಿದೆ ಆ ದನಿ. ದೇವರ ಜಗಲಿಯಿಂದ ಭಂಡಾರದ ಅರಿಶಿನ ತಂದು ಅವಳ ಹಣೆಗೆ ಬಳಿದೆ. ಮೈಮೇಲೆ ಬಂದವರನ್ನು ನಮ್ಮಲ್ಲಿ ಕೇಳುವ ಹಾಗೆಯೇ ಕೇಳಿದೆ.

‘ಯಾರಪ್ಪಾ ನೀ? ಏನ ಬೇಕು ನಿನಗ?’

ಅವಳು ಕಣ್ಣು ತೆರೆಯದೆ, ಅದೇ ದನಿಯಲ್ಲಿ, ‘ನಿನ್ನ ಮೊಮ್ಮಗಳು ಬೇಕು’ ಎಂದಳು.

ನಾನು ಅವಳ ರಟ್ಟೆ ಗಟ್ಟಿಯಾಗಿ ಹಿಡಿದೆ. ಹಿಂದೆ ತಟ್ಟೆಯ ಸದ್ದಾಯಿತು. ಪಕ್ಕದ ಮನೆಯ ಮರಾಠಿ ಹೆಂಗಸು ಹಪ್ಪಳ ಕೊಡಲು ಬಂದವಳು ಬಾಗಿಲಲ್ಲೇ ನಿಂತಿದ್ದಳು.

‘ಅಗಬಾಯಿ! ಅಂಗಾತ್ ಆಲಂ!’ ಮೈಮೇಲೆ ಬಂತು ಎಂದು ಕೂಗಿ ಮೊಮ್ಮಗಳ ಕಾಲಿಗೆ ಬಗ್ಗಿದಳು.

ಮೊಮ್ಮಗಳು ಕಿಸಕ್ಕನೆ ನಕ್ಕು ಕಾಲು ಹಿಂದೆ ತೆಗೆದಳು. ‘ಕಾಕೂ, ಕಥಾ ಆಹೆ, ಕಥಾ!’ ಇದು ಬರೀ ಕಥೆ ಎಂದಳು.

ಆ ಹೆಂಗಸು ಹಣೆಯ ಭಂಡಾರ ನೋಡಿದಳು, ನನ್ನನ್ನು ನೋಡಿದಳು. ವಯಸ್ಸಾದ ಅಜ್ಜಿ ಸುಮ್ಮನೆ ಹಚ್ಚುತ್ತಾಳೆಯೇ ಎಂದಳು.

ಆಗ ಗ್ರೀಸಿನ ದೇವರ ಹೆದರಿಕೆ ಬಿಟ್ಟಿತು. ಅದಕ್ಕಿಂತ ದೊಡ್ಡದು ಹಿಡಿಯಿತು. ಅಕ್ಕನನ್ನು ಮಣೆಗೆ ಏರಿಸಿದವರ ಕೆಲಸವನ್ನು ನಾನೇ ಮಾಡಿದ್ದೆ. ಸೆರಗಿನಿಂದ ಹಣೆ ಒರೆಸಿದೆ. ತಪ್ಪು ನನ್ನದು, ಹುಡುಗಿ ಬರೆದದ್ದು ಒದರುತ್ತಿದ್ದಳು ಎಂದು ಹರಕು ಮರಾಠಿಯಲ್ಲಿ ಹೇಳಿದೆ. ಅವಳು ಹೂಂ ಎಂದಳು. ಬೆನ್ನು ತೋರಿಸದೆ, ಹಿಂದಕ್ಕೆ ನಡೆಯುತ್ತ ಹೊರಗೆ ಹೋದಳು.

ಮರುದಿನ ಬೆಳಗ್ಗೆ ಬಾಗಿಲು ತೆಗೆದರೆ ಹೊಸ್ತಿಲ ಮೇಲೆ ತೆಂಗಿನಕಾಯಿ, ಚೆಂಡುಹೂ. ಮೊಮ್ಮಗಳು ಇನ್ನೂ ಎದ್ದಿರಲಿಲ್ಲ. ಹೂ ಬೀದಿಯ ಆಕಳಿಗೆ ಹಾಕಿದೆ. ಕಾಯಿ ಒಡೆದು ಹಸಿಮೆಣಸಿನಕಾಯಿ ಸೇರಿಸಿ ಚಟ್ನಿ ಅರೆದೆ. ಒಂದು ಬಟ್ಟಲು ಆ ಹೆಂಗಸಿನ ಮನೆಗೆ ಒಯ್ದು, ‘ನಿನ್ನದೇ ಕಾಯಿ, ಉಪ್ಪು ಬರೋಬರ್ ಇದೆಯಾ ನೋಡು’ ಎಂದು ಅವಳು ತಿನ್ನುವತನಕ ಅಲ್ಲೇ ನಿಂತೆ.