ತಾಮ್ರದ ಮಡಿ

ನನ್ನ ತಾಮ್ರದ ಮೇಲೆ ಆತ ಹೊರಿಸಿದ ಅಪವಾದವನ್ನು ನಾನು ಮರೆತಿಲ್ಲ. ಮರೆಯುವ ಉದ್ದೇಶವೂ ಇಲ್ಲ.

ಹೈದರಾಬಾದು ಆಂಧ್ರಪ್ರದೇಶದ ರಾಜಧಾನಿಯಾಗಿದ್ದ ಕಾಲ. ನಾನು ಸರ್ಕಾರಿ ಪ್ರಯೋಗಾಲಯವೊಂದರಲ್ಲಿ ರಸಾಯನಶಾಸ್ತ್ರಜ್ಞ. ಆತ ಮೇಲಿನ ಮಹಡಿಯ ಭೌತಶಾಸ್ತ್ರಜ್ಞ. ಇಬ್ಬರೂ ಧಾರವಾಡದ ಕಡೆಯವರು; ಅದರಿಂದ ಪ್ರೀತಿಯೇನೂ ಬೆಳೆಯಲಿಲ್ಲ. ಕಪ್ಪುದ್ರವ್ಯವನ್ನು ಹುಡುಕುವ ಯೋಜನೆ ಆತನದು. ಬ್ರಹ್ಮಾಂಡದಲ್ಲಿ ಕಣ್ಣಿಗೆ ಕಾಣದೆ ತುಂಬಿರುವ ಆ ದ್ರವ್ಯದ ಕಣವೊಂದು ಹರಳಿಗೆ ಬಡಿದರೆ ಸಣ್ಣ ಮಿಣುಕು ಹುಟ್ಟಬೇಕು. ಸುತ್ತ ತುಸು ವಿಕಿರಣವಿದ್ದರೂ ಆ ಮಿಣುಕು ಮುಳುಗಿಹೋಗುತ್ತದೆ. ಹರಳನ್ನಿಡುವ ತಾಮ್ರದ ಪೆಟ್ಟಿಗೆಯನ್ನು ಶುದ್ಧಮಾಡಿ ಕೊಡುವುದು ನನ್ನ ವಿಭಾಗದ ಪಾಲು. ಆಮ್ಲದಲ್ಲಿ ತೊಳೆಯುತ್ತಿದ್ದೆ. ಗ್ಲೌಸ್ ಹಾಕದವರನ್ನು ಹತ್ತಿರ ಬಿಡುತ್ತಿರಲಿಲ್ಲ.

"ಮಡಿ ರಾಯರು ಬಂದ್ರು, ಸರೀರಿ! ಮುಟ್ಟಿದ್ರ ಮತ್ತ ಸ್ನಾನ ಮಾಡ್ತಾರ," ಎಂದು ಆತ ಎಲ್ಲರೆದುರು ನಗಿಸುತ್ತಿದ್ದ.

ದಸರೆಗೆ ಮೊದಲು ಪೆಟ್ಟಿಗೆ ಕೊಟ್ಟೆ. ದಸರೆ ಮುಗಿದ ಮೇಲೆ ಯಂತ್ರ ಶುರುಮಾಡಿದರೆ ಪೊಟ್ಯಾಸಿಯಂನ ವಿಕಿರಣ ಎದ್ದು ಕಾಣುತ್ತಿತ್ತು. ಆತ ಸಭೆ ಕರೆದ.

"ತಾಮ್ರ ಹೊಲಸೈತಿ. ಇವರ ವಿಭಾಗಾನ ಕೈಬಿಡೋಣು."

"ನಾ ಕೊಟ್ಟ ತಾಮ್ರದಾಗ ಪೊಟ್ಯಾಸಿಯಂ ಇರಲಿಲ್ರಿ," ಎಂದೆ. "ಬೆವರು, ಬೂದಿ, ಇಂಥಾದ್ರಿಂದ ಬರತೈತಿ. ಪೆಟ್ಟಿಗಿ ಒಳಗ ಯಾರು ಕೈ ಹಾಕಿದ್ರಿ?"

"ನನ್ನ ಮಂದಿ ಮ್ಯಾಲೆ ಹಾಕಬ್ಯಾಡ್ರಿ!"

"ಹಂಗಾದ್ರ ಬಿಚ್ಚಿಸ್ರಿ. ಈಗ, ಎಲ್ಲಾರ ಮುಂದ."

ಎಲೆಕ್ಟ್ರಾನಿಕ್ಸ್ ನೋಡಿಕೊಳ್ಳುತ್ತಿದ್ದ ತೆಲುಗು ಎಂಜಿನಿಯರ್ ಸ್ಕ್ರೂ ಬಿಚ್ಚಿ ಮುಚ್ಚಳವನ್ನು ಮಗುಚಿದ. ಒಳಮೈಯಲ್ಲಿ ವಿಭೂತಿಯ ಮೂರು ಪಟ್ಟೆ, ನಡುವೆ ಕುಂಕುಮ. ಆಯುಧಪೂಜೆಯ ದಿನ, ಪೆಟ್ಟಿಗೆ ಮುಚ್ಚುವ ಮುನ್ನ ಆತನೇ ಹಚ್ಚಿದ್ದ. ಎಂಜಿನಿಯರ್ ತುಟಿ ಕಚ್ಚಿಕೊಂಡು ಕಿಟಕಿಯತ್ತ ತಿರುಗಿದ.

"ದೇವರ ವಿಭೂತಿ ಅದು. ಹೊಲಸಂತೀರೇನು?" ಎಂದ ಆತ.

"ಬೂದಿ ಅಂತೀನಿ. ತಾಮ್ರ ಸ್ವಚ್ಛ ಇತ್ತು ಅಂತ ನೀವು ಬಾಯಿಬಿಟ್ಟು ಹೇಳ್ರಿ. ಆಮ್ಯಾಲೆ ತೊಳದು ಕೊಡ್ತೀನಿ."

ಆತ ಮುಚ್ಚಳವನ್ನು ನನ್ನತ್ತ ತಳ್ಳಿ, "ತಾಮ್ರದ್ದೇನೂ ತಪ್ಪಿಲ್ಲ," ಎಂದ. ‘ನಿಮ್ಮ ತಪ್ಪಿಲ್ಲ’ ಎಂದು ನನಗೆ ಹೇಳಲಿಲ್ಲ. ಆದರೂ ನನ್ನ ವಿಭಾಗ ಯೋಜನೆಯಲ್ಲಿ ಉಳಿಯಿತು.

ಮುಂದಿನ ಆಯುಧಪೂಜೆಗೆ ಆತ ಪೆಟ್ಟಿಗೆಯ ತಂಟೆಗೆ ಹೋಗಲಿಲ್ಲ. ಬೇಗಂ ಬಜಾರಿನಿಂದ ತಂದ ವಿಭೂತಿಯ ಗಟ್ಟಿ ಹಿಡಿದು ಕೆಳಗಿಳಿದು ಬಂದು, ನನ್ನ ಮೇಜಿಗೆ ದಪ್ಪಗೆ ಬಳಿದು ಹೋದ. ಆತ ಮೆಟ್ಟಿಲು ಹತ್ತಿ ಮುಗಿಸುವುದರೊಳಗೆ ನಾನು ಒದ್ದೆ ಬಟ್ಟೆಯಿಂದ ಒರೆಸಿದ್ದೆ.