ರೆಕ್ಕೆಯ ತುದಿಗೆ ಕೆಂಪು ಬಟ್ಟೆ

ಉದ್ದದ ಸಾಮಾನು ಸಾಗಿಸುವುದರಲ್ಲಿ ನನ್ನಷ್ಟು ಬಲ್ಲವನು ವಿಶಾಖಪಟ್ಟಣದಲ್ಲಿ ಇನ್ನೊಬ್ಬನಿಲ್ಲ ಎಂದು ನಾನು ತುಂಬಾ ಕಾಲ ನಂಬಿದ್ದೆ. ಬಂದರಿನ ಗೇಟಿನ ಹೊರಗೆ ನನ್ನ ಸುಮೋ ನಿಲ್ಲುತ್ತಿತ್ತು. ಪೈಪು, ಸರಳು, ಏಣಿ, ಏನೇ ಬರಲಿ, ಕ್ಯಾರಿಯರ್ ಮೇಲೆ ಹೇರಿ, ಹಗ್ಗ ಬಿಗಿದು, ಹಿಂದಕ್ಕೆ ಚಾಚಿಕೊಂಡ ತುದಿಗೆ ಕೆಂಪು ಬಟ್ಟೆ ಕಟ್ಟಿ ಹೊರಡುತ್ತಿದ್ದೆ. ಬಟ್ಟೆ ಗಾಳಿಗೆ ಸುತ್ತಿಕೊಳ್ಳದಿರಲಿ ಎಂದು ಅದರ ಮೂಲೆಯಲ್ಲಿ ಒಂದು ಕಬ್ಬಿಣದ ನಟ್ಟು ಗಂಟು ಹಾಕುವುದು ನನ್ನದೇ ಉಪಾಯ. ಬೇರೆ ಡ್ರೈವರುಗಳು ನೋಡಿ ಕಲಿತರು. ಹತ್ತನೇ ಕ್ಲಾಸು ಮುಗಿಸಿ ಕೋಲಾರದ ಕಡೆಯಿಂದ ಬಂದು, ಇಲ್ಲಿನ ತೆಲುಗರ ಮನೆಯ ಅಳಿಯನಾಗಿ, ಅವರದೇ ಮನೆಯ ಮಹಡಿಯಲ್ಲಿ ಬಿದ್ದುಕೊಂಡಿದ್ದವನಿಗೆ ಜಂಬ ಪಡಲು ಒಂದು ನಟ್ಟು ಸಾಕಾಗಿತ್ತು.

ಮಗಳು ಆಗ ಮಧುರವಾಡದ ಕಡೆ ಇಂಜಿನಿಯರಿಂಗ್ ಕೊನೆಯ ವರ್ಷ ಓದುತ್ತಿದ್ದಳು. ಅವಳೂ ಇಬ್ಬರು ಗೆಳತಿಯರೂ ಸೇರಿ, ಎಂಜಿನ್ ಇಲ್ಲದೆ ಗಾಳಿಯಲ್ಲಿ ತೇಲುವ ಒಂದು ಮಾದರಿ ವಿಮಾನ ಮಾಡಿದ್ದರು. ವಿಜಯವಾಡದ ಒಂದು ಕಾಲೇಜಿನಲ್ಲಿ ಸ್ಪರ್ಧೆ. ಯಾರದು ಹೆಚ್ಚು ಹೊತ್ತು ಮೇಲಿರುತ್ತದೋ ಅವರು ಗೆದ್ದಂತೆ. ವರ್ಷದ ಸಂಜೆಗಳೆಲ್ಲ ಅದರ ರೆಕ್ಕೆಗೇ ಹೋಗಿದ್ದವು. ಆಳಿಗಿಂತ ಉದ್ದ, ಒಂದೇ ತುಂಡು. ಬೆಂಡಿನಷ್ಟು ಹಗುರವಾದ ಮರದ ಪಟ್ಟಿಗಳು, ಮೇಲೆ ಈರುಳ್ಳಿ ಸಿಪ್ಪೆಯಂಥ ಹೊದಿಕೆ. ನಾನು ಅದನ್ನು ಗಾಳಿಪಟ ಎನ್ನುತ್ತಿದ್ದೆ, ಅವಳಿಗೆ ಕೇಳಿಸುವ ಹಾಗೆ.

ಹೇಗೆ ಒಯ್ಯಬೇಕೆಂದು ಅವಳು ಮೊದಲೇ ಯೋಚಿಸಿದ್ದಳು. ಸುಮೋದ ಮುಂದಿನ ಎಡ ಸೀಟನ್ನು ಹಿಂದಕ್ಕೆ ಮಲಗಿಸಿ, ರಜಾಯಿ ಹಾಸಿ, ರೆಕ್ಕೆಯನ್ನು ಒಳಗೇ ಉದ್ದಕ್ಕೆ ಇಡುವುದು; ಪಕ್ಕದಲ್ಲಿ ತಾನು ಕೂತು ಕೈ ಆನಿಸುವುದು. ಗೆಳತಿಯರು ಉಳಿದ ಭಾಗ ಹಿಡಿದು ರೈಲಿನಲ್ಲಿ ಹೋದರು.

ಹೊರಡುವ ಬೆಳಿಗ್ಗೆ ನನ್ನ ಬಾವ, ಹೆಂಡತಿಯ ಅಣ್ಣ, ಬ್ಯಾಗು ಹಿಡಿದು ಕೆಳಗೆ ನಿಂತಿದ್ದ. ಮಂಗಳಗಿರಿಯಿಂದ ಸೀರೆ ತರಬೇಕಂತೆ. ಈ ಮನುಷ್ಯ ಹುಟ್ಟಿದ್ದೇ ಮುಂದಿನ ಸೀಟಿನಲ್ಲಿ ಕೂರಲು. ಸಾವಿನ ಮನೆಗೆ ಹೋದರೂ ಫ್ಯಾನಿನ ಕೆಳಗಿನ ಕುರ್ಚಿಯನ್ನು ಮೊದಲು ಹುಡುಕಿ, ಆಮೇಲೆ ಹೆಣದ ಮುಖ ನೋಡುವವನು.

"ಹಿಂದೆ ಕೂತರೆ ನಂಗೆ ವಾಂತಿ ಬರುತ್ತೆ ಬಾವಗಾರೂ. ಆ ಗಾಳಿಪಟಾನ ಮೇಲೆ ಕಟ್ಟಿಬಿಡಿ. ಪೈಪು ಕಟ್ಟಲ್ವಾ?"

"ಅದು ಪೈಪಲ್ಲ ಮಾವಯ್ಯಾ," ಎಂದಳು ಮಗಳು.

"ಅಲ್ಲ ಬಿಡಮ್ಮಾ. ಪೈಪಿನಲ್ಲಿ ನೀರಾದರೂ ಬರುತ್ತೆ."

ನಾನು ನಕ್ಕೆ. ಅವನನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಆದರೂ ಅವನು ಹಾಸ್ಯ ಮಾಡಿದಾಗಲೆಲ್ಲ ಎಲ್ಲರಿಗಿಂತ ಮೊದಲು ನಗುತ್ತಿದ್ದವನು ನಾನೇ. ಮಗಳು ನನ್ನ ಮುಖ ನೋಡಿದಳು. ಇನ್ನು ಮಾತಾಡಿ ಪ್ರಯೋಜನವಿಲ್ಲ ಎಂದು ಅವಳಿಗೆ ಅರ್ಥವಾಯಿತು. ತಾನೇ ಕ್ಯಾರಿಯರ್ ಹತ್ತಿ, ಹಾಸಿಗೆ ಹಾಸಿ, ರೆಕ್ಕೆಗೆ ರಜಾಯಿ ಸುತ್ತಿ, ಅಗಲವಾದ ಬಟ್ಟೆಪಟ್ಟಿಗಳಿಂದ ಮಗುವನ್ನು ತೊಟ್ಟಿಲಿಗೆ ಕಟ್ಟುವಷ್ಟೇ ಮೆತ್ತಗೆ ಕಟ್ಟಿದಳು. ರಜಾಯಿ ಸಾಲದೆ ಒಂದು ತುದಿ ಮೊಳದಷ್ಟು ಹಿಂದಕ್ಕೆ ಬರಿದಾಗಿ ಚಾಚಿಕೊಂಡಿತು.

"ನಾನ್ನಾ, ನಿಧಾನಕ್ಕೆ ಹೋಗು. ಆ ತುದಿಗೆ ಏನೂ ಕಟ್ಟಬೇಡ. ಏನೂ ಅಂದ್ರೆ ಏನೂ." ಅಪ್ಪನಿಗೆ ಅವಳು ತೆಲುಗರ ಹಾಗೆ ನಾನ್ನಾ ಎನ್ನುವುದು.

"ಆಯ್ತಮ್ಮಾ," ಎಂದೆ.

ಅನಕಾಪಲ್ಲಿ ದಾಟುವಷ್ಟರಲ್ಲಿ ಅವಳು ಹಿಂದಿನ ಸೀಟಿನಲ್ಲಿ ನಿದ್ದೆ ಹೋದಳು. ತುನಿಯಲ್ಲಿ ಟಿಫಿನ್ನಿಗೆ ನಿಲ್ಲಿಸಿದೆ. ಅಲ್ಲಿ ಲಾರಿಯವರಿಬ್ಬರು ನನ್ನ ಗಾಡಿಯ ಹಿಂಭಾಗ ನೋಡಿ, "ಏನು ಗುರುವುಗಾರೂ, ಕೆಂಪು ಬಟ್ಟೆ ಇಲ್ಲ? ನಿನ್ನೆ ಮೊನ್ನೆ ಲೈಸೆನ್ಸ್ ತಗೊಂಡ್ರಾ?" ಎಂದು ಹಲ್ಲು ಬಿಟ್ಟರು. ಬಾವನೂ ಜೊತೆಗೂಡಿದ. "ಮಗಳು ಬೇಡ ಅಂದಳಂತೆ, ಪಾಪ, ಹೆದರಿದಾರೆ."

ಅಷ್ಟೇ ಸಾಕಾಯಿತು. ಆಮೇಲೆ ಎಂದೂ ಮುಖ ನೋಡದ ಇಬ್ಬರು ಲಾರಿ ಡ್ರೈವರುಗಳ ಮೆಚ್ಚುಗೆಗಾಗಿ ಸೀಟಿನ ಕೆಳಗಿನಿಂದ ಕೆಂಪು ಬಟ್ಟೆ ತೆಗೆದು ರೆಕ್ಕೆಯ ತುದಿಗೆ ಬಿಗಿದೆ. ಅಭ್ಯಾಸಬಲ, ಮೂಲೆಯಲ್ಲಿ ನಟ್ಟು ಆಗಲೇ ಇತ್ತು. ಮಗಳು ಎದ್ದಿರಲಿಲ್ಲ.

ಅನ್ನವರಂ ಬರುವ ಮೊದಲೇ ಹಿಂದಿನಿಂದ ಟಪ್ ಟಪ್ ಎಂಬ ಸದ್ದು ಶುರುವಾಗಿತ್ತು. ಅದೇನೆಂದು ನನಗೆ ಗೊತ್ತಿತ್ತು. ಪೈಪಿಗೆ ನಟ್ಟು ಬಡಿದರೆ ಠಣ್ ಎನ್ನುತ್ತದೆ, ಇದು ಮೆತ್ತಗಿತ್ತು. ನಿಲ್ಲಿಸಿದರೆ ಬಾವ ಆಡಿಕೊಳ್ಳುತ್ತಾನೆ. ಅವನು ಟೇಪಿನ ಸದ್ದು ಜೋರು ಮಾಡಿದ. ನಾನು ಹಾಡಿಗೆ ತಲೆ ಆಡಿಸುತ್ತಾ ಗೋದಾವರಿ ದಾಟಿದೆ. ಮಗಳು ಎದ್ದು, ಎಲ್ಲ ಸರಿ ಇದೆಯಾ ಎಂದಳು. "ಬೆಣ್ಣೆ ಹಾಗಿದೆ," ಎಂದೆ.

ವಿಜಯವಾಡದಲ್ಲಿ ಮೊದಲು ಇಳಿದವಳು ಅವಳೇ. ನಟ್ಟು ದಾರಿಯುದ್ದಕ್ಕೂ ಬಡಿದೂ ಬಡಿದೂ, ಆ ಮೊಳದುದ್ದದ ಭಾಗದಲ್ಲಿ ಹೊದಿಕೆ ಹರಿದು, ಮರದ ಪಟ್ಟಿಗಳು ಪುಡಿಯಾಗಿ ನೇತಾಡುತ್ತಿದ್ದವು.

"ಇದನ್ನ ಯಾರು ಕಟ್ಟಿದ್ದು?"

"ತುನಿ ಹತ್ತಿರ ಪೊಲೀಸ್ ಹಿಡಿದ. ಕಟ್ಟದೆ ಬಿಡಲ್ಲ ಅಂದ," ಎಂದೆ. ಸುಳ್ಳು ಎಷ್ಟು ಸಲೀಸಾಗಿ ಬಂತೆಂದರೆ ನನಗೇ ಆಶ್ಚರ್ಯವಾಯಿತು.

"ನಟ್ಟು?"

"ಅದೂ ಅವನೇ," ಎಂದ ಬಾವ. "ದೊಡ್ಡ ಮೀಸೆಯವನು." ನನ್ನನ್ನು ಕಾಪಾಡಿದ ಸಂತೋಷ ಅವನ ಮುಖದಲ್ಲಿ. ಜೀವನದಲ್ಲಿ ಅವನು ನನಗೆ ಮಾಡಿದ ಏಕೈಕ ಉಪಕಾರ ಅದು.

ಅವಳು ಅಳಲಿಲ್ಲ. ಹೊಸ ತುದಿ ಮಾಡಲು ಮರವೂ ಇರಲಿಲ್ಲ, ಸಮಯವೂ ಇರಲಿಲ್ಲ. ಒಂದು ಕಡೆ ಗಿಡ್ಡವಾದರೆ ವಿಮಾನ ಆ ಕಡೆಗೇ ವಾಲಿ ಬೀಳುತ್ತದಂತೆ. ಹಾಗಾಗಿ ಹಾಳಾದ ತುದಿಯನ್ನು ಕತ್ತರಿಸಿ, ಚೆನ್ನಾಗಿದ್ದ ಇನ್ನೊಂದು ತುದಿಯನ್ನೂ ಅಷ್ಟೇ ಕತ್ತರಿಸಬೇಕಾಯಿತು. ಕಾಲೇಜಿನ ವರಾಂಡದಲ್ಲಿ ಗೆಳತಿಯರು ಗೋಂದು ಕಲಸುತ್ತಿದ್ದರು. ರೆಕ್ಕೆ ಹಿಡಿದುಕೊಳ್ಳಲು ಅವಳು ನನ್ನನ್ನು ಕರೆದಳು.

"ಗಟ್ಟಿಯಾಗಿ ಹಿಡೀಬೇಡ ನಾನ್ನಾ. ಸುಮ್ನೆ ಕೈ ಮೇಲೆ ಇಟ್ಕೋ."

ಅದಕ್ಕೆ ತೂಕವೇ ಇರಲಿಲ್ಲ. ಅಷ್ಟು ತಿಂಗಳು ನಮ್ಮ ಮನೆಯಲ್ಲೇ ಇದ್ದ ಆ ರೆಕ್ಕೆಯನ್ನು ನಾನು ಮುಟ್ಟಿದ್ದು ಅದೇ ಮೊದಲು. ನನ್ನ ಅಂಗೈ ಮೇಲೆ ಅವಳು ಅದರ ಒಳ್ಳೆಯ ತುದಿಯನ್ನು ಸಣ್ಣ ಗರಗಸದಿಂದ ಕೊಯ್ದಳು.

ಮರುದಿನ ವಿಮಾನ ಹಾರಿತು. ನೆಟ್ಟಗೇ ಹಾರಿತು, ಬೇಗ ಇಳಿಯಿತು. ಉಳಿದವರದು ಇನ್ನೂ ಮೇಲೆ ಸುತ್ತುತ್ತಿದ್ದಾಗ ಮೂವರು ಹುಡುಗಿಯರು ತಮ್ಮದನ್ನು ಹುಲ್ಲಿನಿಂದ ಎತ್ತಿಕೊಂಡು ಬಂದರು.

ಬಾವ ಈಗಿಲ್ಲ. ಮಗಳು ಇವತ್ತಿಗೂ ನೆಂಟರು ಬಂದಾಗ, ನಟ್ಟು ಜೇಬಿನಲ್ಲಿಟ್ಟುಕೊಂಡು ರಸ್ತೆ ಕಾಯುವ ಆ ಮೀಸೆಯ ಪೊಲೀಸಿನ ಕಥೆ ಹೇಳುತ್ತಾಳೆ. ಎಲ್ಲರೂ ನಗುತ್ತಾರೆ, ಎಲ್ಲರಿಗಿಂತ ಮೊದಲು ನಾನು. ಹೇಳುವಾಗ ಅವಳು ನನ್ನ ಕಡೆ ಮಾತ್ರ ನೋಡುವುದಿಲ್ಲ.

ಆ ಪೊಲೀಸ್ ಇರಲೇ ಇಲ್ಲ ಎಂದು ಈಗ ಬರೆದಿದ್ದೇನೆ. ಬರೆದಿರುವುದು ಕನ್ನಡದಲ್ಲಿ. ನನ್ನ ಮಗಳು ಕನ್ನಡ ಮಾತಾಡುತ್ತಾಳೆ, ಓದಲು ಅವಳಿಗೆ ಬರುವುದಿಲ್ಲ. ಅವಳಿಗೆ ಬರುವುದು ತೆಲುಗಿನ ಅಕ್ಷರ. ಇಲ್ಲಿದ್ದ ಇಷ್ಟು ವರ್ಷಗಳಲ್ಲಿ ತೆಲುಗು ಬರೆಯಲು ನನಗೂ ಚೆನ್ನಾಗಿಯೇ ಬರುತ್ತದೆ. ಆದರೂ ಕನ್ನಡ ಆರಿಸಿಕೊಂಡೆನಲ್ಲ, ಅಲ್ಲೂ ನಾನು ಅದೇ ಹೇಡಿ. ಭಾನುವಾರ ಅವಳು ಬರುತ್ತಾಳೆ. ಎದುರಿಗೆ ಕೂರಿಸಿಕೊಂಡು ನಾನೇ ಓದಿ ಹೇಳಬೇಕು.